ಗಂಡನ ಆಫೀಸಿನವರ ಮನೆ ಊಟಕ್ಕೆ ಇಳಕಲ್ ಸೀರೆ: ಉಟ್ಟು ನೋಡಿ ಬರೆದಿದ್ದು

ಗಂಡನ ಆಫೀಸಿನವರು ಮನೆಗೆ ಊಟಕ್ಕೆ ಕರೆದರೆ ಏನು ಉಡಬೇಕು? ಮದುವೆಗಾದರೆ ರೇಷ್ಮೆ ಸೀರೆ, ಅಲ್ಲಿಗೆ ಮುಗಿಯಿತು. ಹೋಟೆಲಿನಲ್ಲಿ ಪಾರ್ಟಿ ಅಂದರೂ ಒಂದು ಅಂದಾಜು ಸಿಗುತ್ತದೆ. ಮನೆ ಅಂದಾಗ ಮಾತ್ರ ಕಷ್ಟ. ಬೆಳಗಿನಿಂದ ಅಡುಗೆ ಮಾಡಿದ ಮನೆಯಾಕೆ ಅಲ್ಲಿರುತ್ತಾರೆ. ಸೋಫಾ ಸಾಲದೆ ಚಾಪೆ ಹಾಸುತ್ತಾರೆ. ನಮ್ಮನ್ನು ಮೊದಲ ಸಲ ನೋಡುವ ಜನರೇ ಜಾಸ್ತಿ. ತೀರಾ ಸಾದಾ ಹೋದರೆ ಕರೆದವರಿಗೆ ಬೆಲೆ ಕೊಟ್ಟಂತಾಗುವುದಿಲ್ಲ. ತೀರಾ ಜೋರಾಗಿ ಹೋದರೆ ಮನೆಯಾಕೆಗೇ ಮುಜುಗರ.

ನಾನು ಹೈಸ್ಕೂಲ್ ಟೀಚರ್. ವಾರವೆಲ್ಲ ಸೀರೆಯಲ್ಲೇ ಓಡಾಡುವವಳು. ಹೀಗಾಗಿ ಯಾವ ಸೀರೆ ಹೇಗೆ ನಡೆದುಕೊಳ್ಳುತ್ತದೆ ಎಂದು ಗೊತ್ತು. ಕಳೆದ ತಿಂಗಳು ನಮ್ಮ ಮನೆಯವರ ಮ್ಯಾನೇಜರ್ ಯಲಹಂಕದ ತಮ್ಮ ಮನೆಗೆ ಇಡೀ ಟೀಮನ್ನು ಸಂಸಾರ ಸಮೇತ ಊಟಕ್ಕೆ ಕರೆದಿದ್ದರು. ಅಲ್ಲಿಗೆ ನಾನು ಉಟ್ಟಿದ್ದು ಇಳಕಲ್ ಸೀರೆ, ಜೊತೆಗೆ ಗುಳೇದಗುಡ್ಡದ ಖಣದ (ಕುಪ್ಪಸಕ್ಕೆಂದೇ ನೇಯುವ ಬಟ್ಟೆ) ಕುಪ್ಪಸ. ಇಂಥ ಸಂದರ್ಭಕ್ಕೆ ಇದಕ್ಕಿಂತ ಒಳ್ಳೆ ಉಡುಗೆ ನನಗೆ ಇನ್ನೂ ಸಿಕ್ಕಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಸೀರೆ ಎಂಥದು ಅಂತ ಹೇಳುತ್ತೇನೆ. ಒಡಲು ಹತ್ತಿ, ಕಡು ಹಸಿರು, ಅದರಲ್ಲಿ ಸಣ್ಣ ಚೌಕಳಿ. ಎರಡೂ ಕಡೆ ಮರೂನ್ ಬಣ್ಣದ ದಡಿ, ಅಂದರೆ ಅಂಚು, ಗೋಮಿ ಅನ್ನುವ ವಿನ್ಯಾಸದ್ದು. ಸೆರಗು ಕೆಂಪು ರೇಷ್ಮೆ, ನಡುನಡುವೆ ಬಿಳಿ ಪಟ್ಟಿ. ಸೆರಗಿನಲ್ಲಿ ಮೂರು ಕೆಂಪು ಭಾಗ, ಅವುಗಳ ಮಧ್ಯೆ ಎರಡು ಬಿಳಿ ಭಾಗ ಬರುವುದು ಇಳಕಲ್ಲಿನ ಹಳೆಯ ಪದ್ಧತಿ. ಇದಕ್ಕೆ ಟೋಪ್ ತೆನಿ ಸೆರಗು ಅನ್ನುತ್ತಾರೆ. ದೂರದಿಂದ ನೋಡಿದರೂ ಇದು ಇಳಕಲ್ ಎಂದು ಗುರುತು ಸಿಗುವುದು ಈ ಸೆರಗಿನಿಂದಲೇ.

ಕೊಂಡಿದ್ದು ಇಳಕಲ್ ಊರಲ್ಲೇ. ನನ್ನ ನಾದಿನಿ ಬಾಗಲಕೋಟೆಯಲ್ಲಿದ್ದಾಳೆ, ಅವಳೇ ಕರೆದುಕೊಂಡು ಹೋಗಿದ್ದಳು. ನೇಕಾರರ ಮನೆಯ ಮುಂದಿನ ಕೋಣೆಯೇ ಅಂಗಡಿ. ಒಳಗೆ ಕುಣಿಮಗ್ಗ, ಅಂದರೆ ನೆಲದಲ್ಲಿ ಗುಂಡಿ ತೆಗೆದು ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಮಾರುವವರು ಅವಸರ ಮಾಡಲಿಲ್ಲ. ಕೇಳಿದ್ದನ್ನೆಲ್ಲ ಬಿಡಿಸಿ ಹಾಸಿ ತೋರಿಸಿದರು. "ಮುಟ್ಟಿ ನೋಡ್ರಿ ಅಕ್ಕಾರ, ಮುಟ್ಟದ ಹೆಂಗ ತಿಳೀತದ" ಅಂದರು.

ಮುಟ್ಟಿ ನೋಡಬೇಕಾದ ಜಾಗ ಒಂದಿದೆ. ಒಡಲು ಮುಗಿದು ಸೆರಗು ಶುರುವಾಗುವ ಗೆರೆ. ಇಳಕಲ್ ಸೀರೆಯ ವಿಶೇಷವೆಲ್ಲ ಇರುವುದು ಅಲ್ಲೇ. ಒಡಲಿನ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡುವ ದಾರ ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಒಂದೊಂದೇ ಎಳೆ ಹಿಡಿದು ಕುಣಿಕೆ ಹಾಕಿ ಸೇರಿಸುತ್ತಾರೆ. ಹೆಬ್ಬೆರಳು ಆಡಿಸಿದರೆ ಸಣ್ಣ ದಿಬ್ಬದ ಹಾಗೆ ಸಿಗುತ್ತದೆ. ಸೀರೆ ತಿರುಗಿಸಿ ಹಿಂಬದಿ ನೋಡಿದರೆ ಹಸಿರು ದಾರ ಅಲ್ಲೇ ನಿಂತು ಕೆಂಪು ದಾರ ಶುರುವಾಗಿದ್ದು ಸ್ಪಷ್ಟವಾಗಿ ಕಾಣುತ್ತದೆ. ಒಡಲಿನ ದಾರವೇ ಸೆರಗಿನವರೆಗೂ ಓಡಿದ್ದರೆ, ಸೆರಗಿನ ಕೆಂಪಿನೊಳಗೆ ಹಸಿರು ಬೆರೆತು ಮಂಕಾಗಿ ಕಾಣುತ್ತದೆ. ಅಂಥದ್ದನ್ನು ಇಳಕಲ್ ಅಂತ ಹೆಸರು ಹೇಳಿ ಮಾರಿದರೆ ತಗೋಬೇಡಿ.

ಈ ಕುಣಿಕೆಯ ಕೆಲಸದಿಂದಾಗಿ ಹಾಸನ್ನು ಒಂದೊಂದು ಸೀರೆಗೂ ಬೇರೆಯಾಗಿ ಹೂಡಬೇಕು. ಆರು ಗಜದ್ದಾದರೆ ಆರು ಗಜಕ್ಕೆ, ಒಂಬತ್ತು ಗಜದ್ದಾದರೆ ಒಂಬತ್ತು ಗಜಕ್ಕೆ. ಒಂದೇ ಉದ್ದನೆ ಹಾಸು ಹಾಕಿ ಸಾಲಾಗಿ ಸೀರೆ ನೇಯುತ್ತಾ ಹೋಗಲು ಬರುವುದಿಲ್ಲ. ಮೂರು ಲಾಳಿ (ಅಡ್ಡ ದಾರ ಹಾಯಿಸುವ ಸಾಧನ) ಇಟ್ಟುಕೊಂಡು ಒಡಲನ್ನೂ ಎರಡು ದಡಿಯನ್ನೂ ಒಂದಕ್ಕೊಂದು ಕೊಂಡಿ ಹಾಕಿ ನೇಯುವವರೂ ಇದ್ದಾರೆ. ಇಷ್ಟು ಕೆಲಸ ಹಿಡಿಯುವ ಸೀರೆಗೆ ನಾನು ಕೊಟ್ಟಿದ್ದು 3,800 ರೂಪಾಯಿ. ಚೌಕಾಸಿ ಮಾಡಬೇಕು ಅಂತ ಅನಿಸಲೇ ಇಲ್ಲ.

ಸೆರಗು ನಿಜವಾದ ರೇಷ್ಮೆಯಾ ಅಂತ ಕೇಳಿ ಕೊಳ್ಳಿ. ಕಡಿಮೆ ಬೆಲೆಯದಕ್ಕೆ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ ಹಾಕಿರುತ್ತಾರೆ, ಅದನ್ನು ಅಲ್ಲಿ ಚಮಕಾ ಅನ್ನುತ್ತಾರೆ. ಅದನ್ನು ಮುಚ್ಚಿಡದೆ ಹೇಳಿ ಮಾರಿದರೆ ತಪ್ಪೇನೂ ಇಲ್ಲ, ಹೊಳಪೂ ಚೆನ್ನಾಗಿಯೇ ಇರುತ್ತದೆ. ಆದರೆ ಅದು ಜಾರುತ್ತದೆ, ಹೆಗಲ ಮೇಲೆ ನಿಲ್ಲುವುದಿಲ್ಲ. ಅಂಗಡಿಯವರು ಸೆರಗಿನ ತುದಿಯಿಂದ ಒಂದು ಎಳೆ ತೆಗೆದು ಬೆಂಕಿಕಡ್ಡಿ ಗೀರಿ ತೋರಿಸಿದರು. ಕೂದಲು ಸುಟ್ಟ ವಾಸನೆ ಬಂತು, ಬೂದಿ ಬೆರಳಲ್ಲಿ ಪುಡಿಯಾಯಿತು. ರೇಷ್ಮೆಯ ಗುರುತು ಅದು. ಕಾಗದ ಸುಟ್ಟ ವಾಸನೆ ಬಂದರೆ ಚಮಕಾ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

ಈಗ ಊಟದ ದಿನದ ವಿಷಯ.

ಅಪಾರ್ಟ್‌ಮೆಂಟಿನ ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ನಮ್ಮ ಕಡೆ ಯಾರ ಮನೆಗೆ ಹೋದರೂ ಹಾಗೇ ತಾನೆ? ಆದರೂ ಎಷ್ಟೋ ಜನ ಹೀಲ್ಸ್ ಹಾಕಿಕೊಂಡು ಅದರ ಎತ್ತರಕ್ಕೆ ಸೀರೆ ಉಡುತ್ತಾರೆ. ಬಾಗಿಲಲ್ಲಿ ಹೀಲ್ಸ್ ಬಿಚ್ಚಿದ ಮೇಲೆ ಸೀರೆ ನೆಲ ಗುಡಿಸುತ್ತದೆ, ನೆರಿಗೆ ಕಾಲಿಗೆ ಸಿಗುತ್ತದೆ. ಮನೆ ಕಾರ್ಯಕ್ರಮಕ್ಕೆ ಬರಿಗಾಲಲ್ಲೇ ನಿಂತು ಸೀರೆ ಉಡಬೇಕು. ಇಳಕಲ್ಲಿನ ಹತ್ತಿ ಒಡಲು ಈ ವಿಷಯದಲ್ಲಿ ತುಂಬ ಅನುಕೂಲ. ನೆರಿಗೆ ಹಾಕಿದ ಎತ್ತರಕ್ಕೇ ನಿಲ್ಲುತ್ತದೆ, ಜಗ್ಗುವುದಿಲ್ಲ. ಒಳಲಂಗ ಮಾತ್ರ ಹತ್ತಿಯದ್ದೇ ಇರಲಿ. ಸ್ಯಾಟಿನ್ ಹಾಕಿದರೆ ಹತ್ತಿ ಸೀರೆಯೂ ಜಾರುತ್ತದೆ.

ಒಳಗೆ ಹೋದರೆ ಬಗೆಬಗೆಯ ಉಡುಗೆ. ಟೀಮಿನ ಹುಡುಗಿಯರು ಕುರ್ತಾ, ಜೀನ್ಸ್. ಒಬ್ಬರು ಜರಿ ತುಂಬಿದ ಕಾಂಜೀವರಂ. ಮ್ಯಾನೇಜರ್ ಹೆಂಡತಿ ಸಾದಾ ಹತ್ತಿ ಚೂಡಿದಾರ್, ವೇಲನ್ನು ಸೊಂಟಕ್ಕೆ ಕಟ್ಟಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದರು. ನನ್ನ ಸೀರೆ ಅವರ ಪಕ್ಕ ನಿಂತಾಗಲೂ ಹೊಂದಿಕೊಂಡಿತು, ಕಾಂಜೀವರಂ ಪಕ್ಕ ಕೂತಾಗಲೂ ಕಳೆಗುಂದಲಿಲ್ಲ. ಒಡಲು ಹತ್ತಿಯಾದ್ದರಿಂದ ಆಡಂಬರ ಅನಿಸುವುದಿಲ್ಲ. ಸೆರಗು ರೇಷ್ಮೆಯಾದ್ದರಿಂದ ದಿನಬಳಕೆಯದ್ದು ಅಂತಲೂ ಅನಿಸುವುದಿಲ್ಲ. ನನಗೆ ಈ ಸೀರೆ ಇಷ್ಟೊಂದು ಹಿಡಿಸಿದ್ದು ಇದಕ್ಕೇ.

ಊಟಕ್ಕೆ ಕೋಸಂಬರಿ, ಬಿಸಿಬೇಳೆಬಾತ್, ಬೋಂಡಾ, ಶ್ಯಾವಿಗೆ ಪಾಯಸ. ನಾನು ಸೆರಗು ಸಿಕ್ಕಿಸಿಕೊಂಡು ಪಾಯಸದ ಲೋಟ ಹಂಚಲು ನಿಂತೆ. "ಅಯ್ಯೋ ನೀವು ಕೂತ್ಕೊಳ್ಳಿ, ಸೀರೆ ಹಾಳಾಗುತ್ತೆ" ಅಂದರು ಆಕೆ. "ಹತ್ತಿ ಸೀರೆ, ಏನೂ ಆಗಲ್ಲ ಬಿಡಿ" ಅಂದೆ. ಆ ಮಾತನ್ನು ರೇಷ್ಮೆ ಸೀರೆ ಉಟ್ಟು ಧೈರ್ಯವಾಗಿ ಹೇಳಲು ಆಗುತ್ತದಾ? ಒಬ್ಬರ ಮನೆಗೆ ಹೋದಾಗ ಎರಡು ತಟ್ಟೆ ಎತ್ತಿಡುವ ಹಾಗಿರಬೇಕು, ಮಗು ಬಂದು ತೊಡೆ ಮೇಲೆ ಕೂತರೆ ಹೆದರಿಕೆ ಆಗಬಾರದು. ಅಡುಗೆಮನೆಯಲ್ಲಿ ಲೋಟ ತುಂಬಿಸುತ್ತಾ ನಿಂತಾಗಲೇ ಅವರ ಜೊತೆ ಸಲುಗೆ ಬೆಳೆದಿದ್ದು. ನಮ್ಮ ಮನೆಯವರು ಆಫೀಸಿನಲ್ಲಿ ಎಷ್ಟು ವರ್ಷ ಮಾತಾಡಿದರೂ ಆಗದಷ್ಟು ಪರಿಚಯ ಆ ಅರ್ಧ ಗಂಟೆಯಲ್ಲಿ ಆಯಿತು.

ಮೈಸೂರು ಸಿಲ್ಕ್ ಉಡಬಹುದಿತ್ತಲ್ಲ ಅಂತ ನನ್ನ ತಂಗಿ ಕೇಳಿದಳು. ನನಗೂ ಮೈಸೂರು ಸಿಲ್ಕ್ ಅಂದರೆ ಪ್ರಾಣ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1912ರಲ್ಲಿ ಶುರುವಾದ ಕಾರ್ಖಾನೆ ಅದು. ಇವತ್ತಿಗೂ ಅದರ ಕ್ರೇಪ್ ಮೈಮೇಲೆ ಇಳಿಯುವ ಚಂದವೇ ಬೇರೆ. ಸಂಜೆ ಹೋಟೆಲಿನಲ್ಲಿ ಊಟ ಇದ್ದರೆ ಅದನ್ನೇ ಉಡುತ್ತೇನೆ. ಆದರೆ ಬಿಸಿಬೇಳೆಬಾತಿನ ತುಪ್ಪ ಒಂದು ಹನಿ ಬಿದ್ದರೆ? ಡ್ರೈಕ್ಲೀನಿಂಗಿಗೆ ಓಡಬೇಕು. ಕೂತಲ್ಲೆಲ್ಲ ಅದೇ ಯೋಚನೆ. ಮನೆ ಊಟಕ್ಕೆ ಅಂಥ ಯೋಚನೆ ಬೇಡ.

ಕುಪ್ಪಸದ ಬಗ್ಗೆ ಸ್ವಲ್ಪ. ಗುಳೇದಗುಡ್ಡವೂ ಬಾಗಲಕೋಟೆ ಜಿಲ್ಲೆಯ ಊರೇ. ಅಲ್ಲಿನ ಖಣದ ಮೇಲೆ ಒತ್ತೊತ್ತಾಗಿ ಸಣ್ಣ ಬುಟ್ಟಾ ನೇಯ್ದಿರುತ್ತಾರೆ. ಇಳಕಲ್ ಸೀರೆಗೂ ಖಣಕ್ಕೂ ಮೊದಲಿನಿಂದ ಜೋಡಿ. ಕುತ್ತಿಗೆ, ಕೈಗೆ ಬೇರೆ ಕುಸುರಿ ಕೆಲಸ ಬೇಕಾಗಿಲ್ಲ, ಬಟ್ಟೆಯೇ ಸಾಕು. ಆದರೆ ಕತ್ತರಿಸಿದ ಅಂಚಿನಲ್ಲಿ ಎಳೆ ಬಿಡುತ್ತದೆ. ಒಳಗೆ ಹತ್ತಿ ಲೈನಿಂಗ್ ಹಾಕಿಸಿ, ಹೊಲಿಗೆ ಪಕ್ಕ ಬಟ್ಟೆ ಜಾಸ್ತಿ ಬಿಡಿಸಿ. ನನ್ನ ದರ್ಜಿ ಅಂಚು ಬಿಡದೆ ಹೊಲಿದುಬಿಟ್ಟರು, ಕಂಕುಳಲ್ಲಿ ಆಗಲೇ ಎಳೆ ಸಡಿಲಾಗಿದೆ. ಅವರಿಗೆ ಮೊದಲೇ ಹೇಳಿದ್ದೆ, ಅದಕ್ಕೇ ಬೇಜಾರು.

ಒಡವೆ ಜಾಸ್ತಿ ಬೇಡ. ಓಲೆ, ಒಂದು ಸರ, ಹಸಿರು ಬಳೆ, ಮುಡಿಗೆ ಒಂದು ಮೊಳ ಮಲ್ಲಿಗೆ. ಹೊರಡುವಾಗ ಅರಿಶಿನ ಕುಂಕುಮ ಕೊಟ್ಟರು, ಆಗ ಮೈತುಂಬ ಸೆರಗು ಹೊದ್ದು ತೆಗೆದುಕೊಳ್ಳಲು ಈ ಸೆರಗು ಎಷ್ಟು ಚಂದ ಅನಿಸಿತು.

ಕೊರತೆಗಳನ್ನೂ ಹೇಳಬೇಕು. ಸೆರಗು ಒಡಲಿಗಿಂತ ಭಾರ. ಒಂಟಿ ಪಿನ್ ಹಾಕಿದರೆ ಸಂಜೆ ಹೊತ್ತಿಗೆ ಪಿನ್ನಿನ ಜಾಗದಲ್ಲಿ ಬಟ್ಟೆ ಜಗ್ಗಿ ತೂತು ಕಾಣುತ್ತದೆ. ಪಿನ್ನನ್ನು ಕುಣಿಕೆಯ ಗೆರೆಗೆ ಮಾತ್ರ ಯಾವತ್ತೂ ಚುಚ್ಚಬೇಡಿ, ಒಂದು ಎಳೆ ಕಿತ್ತರೆ ಪಕ್ಕದ್ದೂ ಸಡಿಲಾಗುತ್ತದೆ. ನಾನು ಕುಪ್ಪಸದ ಒಳಗಿನಿಂದ, ನಡುವೆ ಸಣ್ಣ ಬಟ್ಟೆ ತುಂಡಿಟ್ಟು ಚುಚ್ಚುತ್ತೇನೆ. ಇನ್ನು ಮಡಿಕೆ. ಕಾರಿನಲ್ಲಿ ಒಂದೂವರೆ ಗಂಟೆ ಟ್ರಾಫಿಕ್‌ನಲ್ಲಿ ಕೂತರೆ ಹತ್ತಿ ಒಡಲು ಮುದುರುವುದು ಖಂಡಿತ. ಹಿಂದಿನ ರಾತ್ರಿ ತೆಳು ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಸ್ವಲ್ಪ ವಾಸಿ. ಗಂಜಿ ಜಾಸ್ತಿಯಾದರೆ ಕೂತಾಗ ಉಬ್ಬಿಕೊಳ್ಳುತ್ತದೆ, ಅದು ಚಂದ ಕಾಣಲ್ಲ.

ಬಣ್ಣದ್ದು ದೊಡ್ಡ ದೂರು. ಮೊದಲ ಒಗೆತದಲ್ಲಿ ಕೆಂಪು ಬಿಡುತ್ತದೆ. ಸೆರಗಿನ ಬಿಳಿ ಪಟ್ಟಿಗೆ ಅದು ತಾಗಿದರೆ ಸೀರೆ ಹೋಯಿತು ಅಂತಲೇ ತಿಳಿಯಿರಿ. ಈ ವಿಷಯವನ್ನು ಅಂಗಡಿಯವರು ತಾವಾಗಿ ಹೇಳಬೇಕಿತ್ತು, ಹೇಳಲಿಲ್ಲ. ನಾದಿನಿ ಎಚ್ಚರಿಸಿದ್ದರಿಂದ ಉಳಿಯಿತು. ಸೆರಗನ್ನು ನೀರಿನಿಂದ ಆಚೆ ಇಟ್ಟು ಒಡಲನ್ನು ಮಾತ್ರ ತಣ್ಣೀರಿನಲ್ಲಿ ಜಾಲಾಡಿಸಿ, ಹಿಂಡದೆ ನೆರಳಲ್ಲಿ ಹರವಿದೆ. ಸೆರಗಿಗೆ ಡ್ರೈಕ್ಲೀನಿಂಗ್ ಕ್ಷೇಮ. ಬೋಂಡಾದ ಎಣ್ಣೆ ಒಡಲಿಗೆ ತಾಗಿತ್ತು. ಮನೆಗೆ ಬಂದ ಕೂಡಲೇ ಕಡಲೆಹಿಟ್ಟು ಉದುರಿಸಿ ಸ್ವಲ್ಪ ಹೊತ್ತು ಬಿಟ್ಟು ಝಾಡಿಸಿ, ಆಮೇಲೆ ಸೋಪು ಹಾಕಿದೆ. ಕಲೆ ಪೂರ್ತಿ ಹೋಗಿದೆ.

ಯಾರಿಗೆ ಬೇಡ ಅಂದರೆ, ಸೀರೆ ಉಟ್ಟು ಅಭ್ಯಾಸವೇ ಇಲ್ಲದವರಿಗೆ. ಅಂಥವರು ಆಫೀಸಿನವರ ಮನೆಯಲ್ಲಿ ಮೊದಲ ಪ್ರಯೋಗ ಮಾಡುವುದು ಬೇಡ. ಖಣದ ಬಟ್ಟೆಯಲ್ಲೇ ಒಂದು ಕುರ್ತಾ ಹೊಲಿಸಿಕೊಳ್ಳಿ, ಅಷ್ಟೇ ಮರ್ಯಾದೆಯಾಗಿ ಕಾಣುತ್ತದೆ. ಕಸೂತಿ ಹಾಕಿದ ಇಳಕಲ್ ಕೂಡ ಸಿಗುತ್ತದೆ, ಗೋಪುರ, ಆನೆ, ತಾವರೆ ಎಲ್ಲ ಕೈಯಲ್ಲೇ ಹಾಕಿದ್ದು. ಗಂಟು ಹಾಕದೆ ಹೊಲಿಯುವ ಆ ಕೆಲಸಕ್ಕೆ ಬೆಲೆ ಏರುವುದು ನ್ಯಾಯವೇ. ಅದನ್ನು ನಾನಾದರೆ ಹಬ್ಬಕ್ಕೆ ಇಟ್ಟುಕೊಳ್ಳುತ್ತೇನೆ.

ಐದಕ್ಕೆ ನಾಲ್ಕೂವರೆ ಅಂಕ. ಅರ್ಧ ಕಳೆದಿದ್ದು ಬಣ್ಣದ ವಿಷಯ ಮುಚ್ಚಿಟ್ಟಿದ್ದಕ್ಕೆ. ದಸರಾ ರಜೆಗೆ ಬರುವಾಗ ಪರಾಸಪೇಟಿ ಅನ್ನುವ ಇನ್ನೊಂದು ವಿನ್ಯಾಸದ ದಡಿಯದ್ದೊಂದು ತರಲು ನಾದಿನಿಗೆ ಆಗಲೇ ಹೇಳಿಟ್ಟಿದ್ದೇನೆ, ಒಡಲು ನೀಲಿ ಇರಲಿ ಅಂತಲೂ.