ಕಾಫಿ ಚೆನ್ನಾಗಿತ್ತು, ಸಲಹೆ ಅಷ್ಟಕ್ಕಷ್ಟೆ

ಮಗಳ ಎಂಎಸ್‌ಗೆ ಅಂತ ಜಯನಗರದ ಒಂದು ಕನ್ಸಲ್ಟೆನ್ಸಿಗೆ ಹೋಗಿದ್ದೆವು. ಹೆಸರು ಬೇಡ ಬಿಡಿ. ಕೂತ ಕೂಡಲೇ ಫಿಲ್ಟರ್ ಕಾಫಿ ಕೊಟ್ಟರು.

‘ಜರ್ಮನಿಯಲ್ಲಿ ಸರ್ಕಾರಿ ಯೂನಿವರ್ಸಿಟಿ ಅಂದ್ರೆ ಫೀಸೇ ಇಲ್ಲ ಮೇಡಂ’ ಅಂದ ಹುಡುಗ, ಪಟ್ಟಿಯಲ್ಲಿ ಮೊದಲು ಬರೆದಿದ್ದು ಸ್ಟುಟ್‌ಗಾರ್ಟ್. ಅದಿರೋದು ಬಾಡನ್-ವುರ್ಟೆಂಬರ್ಗ್ ರಾಜ್ಯದಲ್ಲಿ. ಅಲ್ಲಿ ಯುರೋಪಿಯನ್ ಯೂನಿಯನ್ ಹೊರಗಿಂದ ಬರೋ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಫೀಸು. ಮಗಳೇ ಫೋನಲ್ಲಿ ತೆಗೆದು ತೋರಿಸಿದಳು. ಅವನು ಪೆನ್ನಿನ ಕ್ಯಾಪ್ ಹಾಕಿದ, ತೆಗೆದ. ‘ಹೊಸ ರೂಲ್ ಇರ್ಬೇಕು’ ಅಂದ. 2017ರಿಂದ ಇದೆ ಮಾರಾಯ!

ನಮ್ಮ ಅಂಕಪಟ್ಟಿ, ಡಿಗ್ರಿ ಅಸಲಿ ಅಂತ ಜರ್ಮನಿಯವರು ಪರಿಶೀಲಿಸಿ ಕೊಡೋ ಎಪಿಎಸ್ ಸರ್ಟಿಫಿಕೇಟ್‌ಗೆ ಈಗಲೇ ಅರ್ಜಿ ಹಾಕಿ, ಅದಿಲ್ಲದೆ ವೀಸಾಗೆ ಕಷ್ಟ ಅಂತ ಹೇಳಿದ್ದು ಮಾತ್ರ ಸರಿಯಾಗಿತ್ತು. ಅದಕ್ಕೊಂದು ಸ್ಟಾರ್, ಕಾಫಿಗೊಂದು. ಕೋರ್ಸ್ ಹುಡುಕೋಕೆ ಇವರಿಗೆ ಸುಮ್ನೆ ದುಡ್ಡು ಯಾಕೆ, ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ ಡಿಎಎಡಿಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ ಅಲ್ವಾ?