ಸಮುದ್ರದ ಯುರೇನಿಯಂ ಹಿಡಿಯಲು ಯಾವುದು ವಾಸಿ: ಟೈಟಾನಿಯಂ ಪುಡಿಯೋ, ಸಿಗಡಿ ಸಿಪ್ಪೆಯೋ, ಉಲ್ಲನ್ ದಾರವೋ?

ಕೆಆರ್‌ಎಸ್ 124.80 ಅಡಿ ಮುಟ್ಟಿದರೆ 49.45 ಟಿಎಂಸಿ ನೀರು ಅಂತ ನಮ್ಮ ಮಂಡ್ಯ ಕಡೆ ಚಿಕ್ಕ ಮಕ್ಕಳೂ ಹೇಳುತ್ತಾರೆ. ಅಷ್ಟೂ ಸಮುದ್ರದ ನೀರಾಗಿದ್ದರೆ, ಅದರಲ್ಲಿ ನಾಲ್ಕೂವರೆ ಟನ್ನಿನಷ್ಟು ಯುರೇನಿಯಂ ಕರಗಿರುತ್ತಿತ್ತು. ಲೀಟರಿಗೆ ಲೆಕ್ಕ ಹಾಕಿದರೆ ಬರೀ 3.3 ಮೈಕ್ರೋಗ್ರಾಂ. ಒಂದು ಗ್ರಾಂ ಬೇಕೆಂದರೆ ಮೂರು ಲಕ್ಷ ಲೀಟರ್ ನೀರಿನಿಂದ ಒಂದು ಚೂರೂ ಬಿಡದೆ ಹಿಡಿಯಬೇಕು. ಭೂಮಿಯ ಎಲ್ಲ ಸಮುದ್ರ ಸೇರಿಸಿದರೆ ಮಾತ್ರ ಸುಮಾರು 450 ಕೋಟಿ ಟನ್ ಇದೆ. ನಮ್ಮ ಕೈಗಾದಂಥ ಸ್ಥಾವರಗಳು ಓಡುವುದೇ ಯುರೇನಿಯಂ ಮೇಲೆ, ದೇಶದ ಗಣಿಗಳ ಅದಿರಿನಲ್ಲೋ ಅದು ತೀರಾ ತೆಳು. ಹಾಗಾಗಿ ಎಂ.ಎಸ್ಸಿ. ಪ್ರಾಜೆಕ್ಟಿಗೆ ಇದನ್ನೇ ಹಿಡಿದೆ.

ಮೈಸೂರಿನ ಲ್ಯಾಬಿನಲ್ಲಿ ಮೂರು ವಸ್ತು ಇಟ್ಟುಕೊಂಡು ಕೂತೆ. ಮೊದಲನೆಯದು ಹೈಡ್ರಸ್ ಟೈಟಾನಿಯಂ ಆಕ್ಸೈಡ್, ಬಿಳಿ ಪುಡಿ. ಎರಡನೆಯದು ಸಿಗಡಿ ಸಿಪ್ಪೆಯಿಂದ ತೆಗೆದ ಕೈಟೋಸಾನ್, ಆಸಿಡ್‌ನಲ್ಲಿ ಕರಗದ ಹಾಗೆ ಗಟ್ಟಿ ಮಾಡಿದ ಚಿಕ್ಕ ಮಣಿಗಳು. ಮೂರನೆಯದು ದೇವರಾಜ ಅರಸು ರಸ್ತೆಯ ಅಂಗಡಿಯಲ್ಲಿ ಕೊಂಡ ಬಿಳಿ ಉಲ್ಲನ್ ದಾರದ ಉಂಡೆ. ಕುರಿ ಉಣ್ಣೆ ನಡೆಯುವುದಿಲ್ಲ, ಲೇಬಲ್ ಮೇಲೆ ಅಕ್ರಿಲಿಕ್ ಅಂತಲೇ ಇರಬೇಕು. ಆ ದಾರವನ್ನು ಹೈಡ್ರಾಕ್ಸಿಲಮೀನ್ ದ್ರಾವಣದಲ್ಲಿ ಬಿಸಿ ಮಾಡಿದರೆ ಅದರ ಮೈಮೇಲಿನ ನೈಟ್ರೈಲ್ ಗುಂಪುಗಳು ಅಮಿಡಾಕ್ಸೈಮ್ ಆಗುತ್ತವೆ. ಯುರೇನಿಯಂ ಹಿಡಿಯುವ ಕೊಕ್ಕೆ ಅದೇ. ಮೊದಲ ಸಲ ಜಾಸ್ತಿ ಹೊತ್ತು ಬಿಟ್ಟೆ. ದಾರ ಬೆಂದ ಶಾವಿಗೆಯಂತಾಗಿ ಬೆರಳಿಗೇ ಅಂಟಿಕೊಂಡಿತು. ಎರಡನೇ ಸಲ ಬೇಗ ತೆಗೆದೆ. ತೆಳು ಹಳದಿ ಬಣ್ಣ ಬಂದಿತ್ತು, ಎಳೆದರೆ ಹರಿಯಲಿಲ್ಲ.

ಮೊದಲ ಪರೀಕ್ಷೆ ಡಿಸ್ಟಿಲ್ಡ್ ವಾಟರಿನಲ್ಲಿ, ಲೀಟರಿಗೆ ಒಂದು ಮಿಲಿಗ್ರಾಂ ಯುರೇನಿಯಂ ಬೆರೆಸಿ. ಸಮುದ್ರದಲ್ಲಿ ಇರುವುದಕ್ಕಿಂತ ಮುನ್ನೂರು ಪಟ್ಟು ಜಾಸ್ತಿ. ನೋಡಲು ಆರ್ಸೆನಾಜೊ-3 ಬಣ್ಣ ಬಳಸಿದೆ. ಆಸಿಡ್‌ನಲ್ಲಿ ಅದು ಗುಲಾಬಿ, ಯುರೇನಿಯಂ ಸಿಕ್ಕರೆ ನೀಲಿ-ಹಸಿರು. ಕೈಟೋಸಾನ್ ಹಾಕಿದ್ದ ಬೀಕರಿನ ನೀರು ಸಂಜೆಯ ಹೊತ್ತಿಗೆ ಗುಲಾಬಿಯಾಗೇ ಉಳಿಯಿತು, ಅಂದರೆ ನೀರಿನಲ್ಲಿ ಯುರೇನಿಯಂ ಉಳಿದೇ ಇಲ್ಲ. ಇದೇ ಗೆದ್ದಿತು ಅಂದುಕೊಂಡೆ. ನಮ್ಮ ಗೈಡ್ ಮೇಡಂ ನೋಡಿ, "ಬೀಕರಲ್ಲಿ ಗೆದ್ದಿದ್ದನ್ನ ನಂಬಬೇಡಮ್ಮ, ಸಮುದ್ರದ ನೀರು ತಂದು ಹಾಕಿ ನೋಡು" ಅಂದರು.

ಪಣಂಬೂರಿನಿಂದ ಇಪ್ಪತ್ತು ಲೀಟರಿನ ಮೂರು ಕ್ಯಾನ್ ತುಂಬಿಸಿ, ಸಂಪಾಜೆ ಘಾಟಿ ಹತ್ತಿಸಿ ತಂದೆವು. ಒಂದೊಂದು ಕ್ಯಾನಿನಲ್ಲಿ ಇರುವುದೇ 66 ಮೈಕ್ರೋಗ್ರಾಂ. ಒಂದೊಂದರಲ್ಲಿ ಒಂದೊಂದು ವಸ್ತು ಹಾಕಿ, ಮೀನಿನ ತೊಟ್ಟಿಗೆ ಹಾಕುವ ಗಾಳಿ ಪಂಪ್ ಇಟ್ಟು ಮೂರು ವಾರ ಬಿಟ್ಟೆ. ಇಷ್ಟು ಕಡಿಮೆ ಇರುವಾಗ ಬಣ್ಣದ ಆಟ ನಡೆಯುವುದಿಲ್ಲ, ಸ್ಯಾಂಪಲ್‌ಗಳನ್ನು ಐಸಿಪಿ-ಎಂಎಸ್ (ನೀರಿನಲ್ಲಿ ಅತಿ ಸಣ್ಣ ಪ್ರಮಾಣದಲ್ಲಿರುವ ಲೋಹವನ್ನೂ ಅಳೆಯುವ) ಯಂತ್ರ ಇರುವ ಕಡೆಗೆ ಕಳಿಸಿದೆವು.

ಕೈಟೋಸಾನ್ ಇಲ್ಲಿ ಪೂರ್ತಿ ಕೈಕೊಟ್ಟಿತು. ಕಾರಣ ಕಾರ್ಬೊನೇಟ್. ಸಮುದ್ರದ ನೀರಿನಲ್ಲಿ ಒಂದು ಯುರೇನಿಯಂ ಪರಮಾಣುವನ್ನು ಮೂರು ಕಾರ್ಬೊನೇಟ್‌ಗಳು ಸುತ್ತ ಅಪ್ಪಿಕೊಂಡಿರುತ್ತವೆ, ಅದರಾಚೆ ಕ್ಯಾಲ್ಸಿಯಂ ಬೇರೆ. ಆ ಹಿಡಿತ ಬಿಡಿಸುವ ಶಕ್ತಿ ನನ್ನ ಮಣಿಗಳಿಗೆ ಇರಲಿಲ್ಲ. ಅಮಿಡಾಕ್ಸೈಮ್‌ಗೆ ಇದೆ. ದಾರ ಅರ್ಧಕ್ಕಿಂತ ಜಾಸ್ತಿ ಹಿಡಿದಿತ್ತು.

ಟೈಟಾನಿಯಂ ಪುಡಿ ಸ್ವಲ್ಪ ಹಿಡಿಯಿತು, ಆದರೆ ನನಗೆ ಬೇಜಾರಾಗಿದ್ದು ಅದರ ಜೊತೆ ಕೆಲಸ ಮಾಡುವುದೇ. ತಳಕ್ಕೆ ಕೂರುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಕಲಕುತ್ತಲೇ ಇರಬೇಕು. 1960ರ ದಶಕದಲ್ಲಿ ಬ್ರಿಟನ್ ಇದನ್ನೇ ನೆಚ್ಚಿತ್ತು. 1980ರ ದಶಕದಲ್ಲಿ ಜಪಾನ್ ನಿಯೋ ಎಂಬಲ್ಲಿ ಇದಕ್ಕೊಂದು ಘಟಕವನ್ನೇ ಕಟ್ಟಿತು. ಸಮುದ್ರವನ್ನೇ ಪಂಪ್ ಮಾಡಿ ಪುಡಿಯ ಮೇಲೆ ಹಾಯಿಸುವುದೆಂದರೆ ಖರ್ಚು ಎಲ್ಲಿ ಗಿಟ್ಟುತ್ತದೆ, ಹೇಳಿ. ದಾರಕ್ಕೆ, ಬಟ್ಟೆಗೆ ಆ ಕಷ್ಟವಿಲ್ಲ. ಕಟ್ಟಿ ಇಳಿಬಿಟ್ಟರೆ ಸಾಕು, ಅಲೆ ಮತ್ತು ಪ್ರವಾಹವೇ ನೀರು ತಂದುಕೊಡುತ್ತವೆ. 1999ರಿಂದ 2001ರವರೆಗೆ ಜಪಾನಿನವರು ಮುತ್ಸು ಕರಾವಳಿಯಾಚೆ 350 ಕಿಲೋ ಅಮಿಡಾಕ್ಸೈಮ್ ಬಟ್ಟೆ ಮುಳುಗಿಸಿ, ಒಟ್ಟು 240 ದಿನಗಳಲ್ಲಿ ಒಂದು ಕಿಲೋಗೂ ಹೆಚ್ಚು ಯೆಲ್ಲೋಕೇಕ್ (ಯುರೇನಿಯಂ ಆಕ್ಸೈಡಿನ ಪುಡಿ) ಆಗುವಷ್ಟು ಯುರೇನಿಯಂ ತೆಗೆದರು. 2018ರಲ್ಲಿ ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ಲ್ಯಾಬ್ ಮತ್ತು ಒಂದು ಕಂಪನಿ ಸೇರಿ ಮಾಮೂಲಿ ಅಕ್ರಿಲಿಕ್ ದಾರದಿಂದಲೇ 5 ಗ್ರಾಂ ಯೆಲ್ಲೋಕೇಕ್ ಮಾಡಿ ತೋರಿಸಿದರು. ಅದನ್ನು ಓದಿಯೇ ನಾನು ದಾರದ ಅಂಗಡಿಗೆ ಹೋಗಿದ್ದು. ನಮ್ಮ ಬಿಎಆರ್‌ಸಿಯವರು (ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರ) ಪಾಲಿಪ್ರೊಪಿಲೀನ್ ಎಳೆಗಳಿಗೆ ಎಲೆಕ್ಟ್ರಾನ್ ಬೀಮ್ ಹಾಯಿಸಿ ಇದೇ ಕೊಕ್ಕೆ ಕೂರಿಸಿದ್ದಾರೆ.

ಎಂಓಎಫ್, ಸಿಓಎಫ್ ಅಂತ ಸಣ್ಣ ಸಣ್ಣ ರಂಧ್ರಗಳಿರುವ ಹೊಸ ಪುಡಿಗಳ ಬಗ್ಗೆ ಪೇಪರ್‌ಗಳು ಬರುತ್ತಲೇ ಇವೆ. ನಾನು ಮುಟ್ಟಿಲ್ಲ, ಹಾಗಾಗಿ ಹೋಲಿಸುವುದಿಲ್ಲ.

ದಾರಕ್ಕೂ ಎರಡು ತೊಂದರೆ ಇವೆ. ಒಂದು ಪಾಚಿ. ಕಿಟಕಿ ಪಕ್ಕ ಇಟ್ಟಿದ್ದ ದಾರದ ಮೇಲೆ ಮೂರನೇ ವಾರಕ್ಕೆ ಲೋಳೆ ಕೂತಿತ್ತು. ಆಮೇಲೆ ಕ್ಯಾನಿಗೆ ಕಪ್ಪು ಬಟ್ಟೆ ಸುತ್ತಿದೆ. ಇನ್ನೊಂದು ವೆನೇಡಿಯಂ, ಸಮುದ್ರದ ನೀರಿನಲ್ಲೇ ಇರುವ ಬೇರೊಂದು ಲೋಹ. ದಾರ ಅದನ್ನು ಯುರೇನಿಯಂಗಿಂತ ಜಾಸ್ತಿ ಇಷ್ಟಪಟ್ಟು ಹಿಡಿಯುತ್ತದೆ, ಕೊಕ್ಕೆಗಳ ಜಾಗವನ್ನು ಅದೇ ತುಂಬಿಬಿಡುತ್ತದೆ. ಅದನ್ನು ಬಿಡಿಸಲು ಖಡಕ್ ಆಸಿಡ್ ಬೇಕು, ಆದರೆ ಆಸಿಡ್ ತಗುಲಿದರೆ ಕೊಕ್ಕೆಯೇ ಹಾಳು. ಆಸಿಡ್‌ನಲ್ಲಿ ತೊಳೆದ ದಾರ ಮರುಸುತ್ತಿನಲ್ಲಿ ಸೊರಗಿತು. ಪೊಟ್ಯಾಸಿಯಂ ಬೈಕಾರ್ಬೊನೇಟ್‌ನಲ್ಲಿ ತೊಳೆದದ್ದು ಯುರೇನಿಯಂ ಬಿಟ್ಟುಕೊಟ್ಟು, ಮುಟ್ಟಿದರೆ ಮೊದಲಿನಷ್ಟೇ ಮೆತ್ತಗಿತ್ತು. ವೆನೇಡಿಯಂ ಮಾತ್ರ ಅದರಲ್ಲೇ ಉಳಿಯಿತು.

ಹಾಗಾಗಿ ಯಾರಾದರೂ ಶುರು ಮಾಡುವುದಿದ್ದರೆ ದಾರವನ್ನೇ ತಗೊಳ್ಳಿ, ಬೈಕಾರ್ಬೊನೇಟ್‌ನಲ್ಲೇ ತೊಳೆಯಿರಿ. ಎಷ್ಟು ಹಿಡಿಯಿತು ಅನ್ನುವುದರ ಪಕ್ಕದಲ್ಲೇ ಎಷ್ಟನೇ ಸುತ್ತು ಅಂತಲೂ ಬರೆದಿಡಿ. ನನ್ನ ದಾರ ಈಗ ನಾಲ್ಕನೇ ಸುತ್ತಿಗೆ ಕ್ಯಾನಿನೊಳಗೆ ಇಳಿದಿದೆ.