ನಾದದೆ ಮಾಡೋ ಬ್ರೆಡ್: ಹಿಟ್ಟು ರಾತ್ರಿ ಹೊರಗಿಡೋದಾ, ಫ್ರಿಜ್ಜಲ್ಲಿಡೋದಾ?

ನ್ಯೂಯಾರ್ಕಿನ ಬೇಕರ್ ಜಿಮ್ ಲೇಹಿ ಅವರ ಈ ನಾದದೆ ಮಾಡೋ ಬ್ರೆಡ್ 2006ರಲ್ಲಿ ಪೇಪರಲ್ಲಿ ಬಂದಮೇಲೆ ಊರೂರಿಗೆಲ್ಲ ಹಬ್ಬಿದ್ದು, ಅದ್ರಲ್ಲಿ ಹಿಟ್ಟನ್ನ 12ರಿಂದ 18 ಗಂಟೆ ಹೊರಗಿಡಿ ಅಂತಾರೆ, ಆದ್ರೆ ಅದು ಸುಮಾರು 21 ಡಿಗ್ರಿ ಇರೋ ಅಡುಗೆಮನೆ ಲೆಕ್ಕ. ನಮ್ದು ದಾವಣಗೆರೆ, ಅದೂ ಏಪ್ರಿಲ್!

ಎರಡು ಬಟ್ಟಲಲ್ಲಿ ಒಂದೇ ಅಳತೆ ಕಲಸಿದೆ, 400 ಗ್ರಾಂ ಮೈದಾ, 280 ಗ್ರಾಂ ನೀರು, 8 ಗ್ರಾಂ ಉಪ್ಪು, ಕಾಲು ಟೀಸ್ಪೂನ್ ಇನ್‌ಸ್ಟಂಟ್ ಯೀಸ್ಟ್. ಮೂಲದಲ್ಲಿ ನೀರು ಇನ್ನೂ ಜಾಸ್ತಿ, ಆದ್ರೆ ನಮ್ಮ ಅಂಗಡಿ ಮೈದಾ ಅಷ್ಟು ನೀರು ತಡ್ಕೊಳ್ಳಲ್ಲ, ಪಾಯಸದ ಥರ ಆಗೋಗತ್ತೆ.

ಹೊರಗಿಟ್ಟಿದ್ದು ರಾತ್ರಿ ಹತ್ತಕ್ಕೆ ಇಟ್ಟೆ, ಬೆಳಗ್ಗೆ ಆರಕ್ಕೆ ಎದ್ದು ನೋಡಿದ್ರೆ ಉಕ್ಕಿ ಆಮೇಲೆ ಕುಸಿದು ಬಟ್ಟಲ ಗೋಡೆ ಮೇಲೆ ಗುರುತು ಮಾತ್ರ ಉಳ್ಕೊಂಡಿತ್ತು, ಹೆಂಡದ ಘಾಟು, ಕೈಗೆ ದಾರದಾರವಾಗಿ ಅಂಟೋದು, ಉಂಡೆ ಮಾಡೋಕೇ ಆಗ್ಲಿಲ್ಲ. ಬೇಸಿಗೇಲಿ ದೋಸೆ ಹಿಟ್ಟು ಬೇಗ ಹುಳಿ ಬರೋದನ್ನ ನೋಡಿರೋರಿಗೆ ಇದೇನು ಹೊಸದಲ್ಲ. ಬೇಯಿಸಿದ್ಮೇಲೆ ರೊಟ್ಟಿಗಿಂತ ಸ್ವಲ್ಪ ದಪ್ಪ ಅಷ್ಟೆ, ಬಣ್ಣವೂ ಸರಿಯಾಗಿ ಬರ್ಲಿಲ್ಲ, ಯಾಕಂದ್ರೆ ಹಿಟ್ಟಲ್ಲಿದ್ದ ಸಕ್ಕರೆ ಅಂಶ ಯೀಸ್ಟ್ ತಿಂದು ಮುಗಿಸಿರತ್ತೆ.

ಫ್ರಿಜ್ಜಿಂದು ಒಂದೂವರೆ ಗಂಟೆ ಹೊರಗಿದ್ದು ಆಮೇಲೆ 18 ಗಂಟೆ ಒಳಗೆ. ಮುಚ್ಚಳ ತೆಗೆದಾಗ ಮೇಲೆಲ್ಲ ಸಣ್ಣ ಗುಳ್ಳೆ, ಮುಟ್ಟಿದ್ರೆ ತಣ್ಣಗೆ ಗಟ್ಟಿಯಾಗಿ ತೊಟ್ಟಿಲ ಮಗು ಕೆನ್ನೆ ಥರ ಇತ್ತು. ಚಳೀಲಿ ಯೀಸ್ಟ್ ನಿಧಾನ ಆಗತ್ತೆ, ಆದ್ರೆ ನೀರು ಹೀರ್ಕೊಂಡ ಗ್ಲುಟನ್ (ಹಿಟ್ಟಿಗೆ ಜಿಗುಟು ಕೊಡೋ ಪ್ರೋಟೀನ್) ತನ್ನಷ್ಟಕ್ಕೆ ಹೆಣ್ಕೊಳ್ತಾ ಹೋಗತ್ತೆ, ಅದಕ್ಕೇ ನಾದೋದು ಬೇಡ. ಉಂಡೆ ಮಾಡಿ ಒಂದು ಗಂಟೆ ಬಿಟ್ಟೆ.

ಎರಡನ್ನೂ ಬೇಯಿಸಿದ್ದು ಒಂದೇ ರೀತಿ, ಓಟಿಜಿಯಲ್ಲಿ (ಮನೆಯ ಸಣ್ಣ ಕರೆಂಟ್ ಓವನ್) 230 ಡಿಗ್ರಿಗೆ ಅರ್ಧ ಗಂಟೆ ಕಾಯಿಸಿದ ಬೀಡಿನ ಬಾಣಲೆ, ಮೇಲೆ ಭಾರದ ಸ್ಟೀಲ್ ತಟ್ಟೆ, ಮುಚ್ಚಿ 30 ನಿಮಿಷ, ತೆಗೆದು 15 ನಿಮಿಷ. ಮುಚ್ಚಳ ಬಿಡ್ಬೇಡಿ, ಒಳಗೆ ನಿಂತ ಹಬೆ ಮೇಲ್ಪದರವನ್ನ ಬೇಗ ಒಣಗೋಕೆ ಬಿಡಲ್ಲ, ಅದ್ರಿಂದಾನೇ ಬ್ರೆಡ್ ಉಬ್ಬೋದು. ಫ್ರಿಜ್ಜಿನ ಬ್ರೆಡ್ ಹೊರಗೆ ತೆಗೆದಿಟ್ರೆ ಚಿಟಿಚಿಟಿ ಅಂತ ಸದ್ದು, ಕೊಯ್ದಾಗ ಒಳಗೆ ತೂತುತೂತು, ಒಂಚೂರು ಹುಳಿ, ಬೆಣ್ಣೆ ಜೊತೆ ಅಷ್ಟು ಚೆನ್ನಾಗಿತ್ತು!

ಹೊರಗಿಡೋದನ್ನ ಪೂರ್ತಿ ತೆಗೆದುಹಾಕಲ್ಲ ನಾನು, ಡಿಸೆಂಬರಲ್ಲಿ ರಾತ್ರಿ ತಂಪಿದ್ದಾಗ ಹತ್ತು ಗಂಟೆ ಹೊತ್ತು ಹೊರಗಿಟ್ಟಿದ್ದಕ್ಕೆ ಸರಿಯಾಗಿ ಬಂದಿತ್ತು, ಫ್ರಿಜ್ಜಲ್ಲಿ ಜಾಗ ಮಾಡೋ ಗೋಜೂ ಇರ್ಲಿಲ್ಲ. ಆದ್ರೆ ಮಾರ್ಚಿಂದ ಮಳೆ ಹಿಡಿಯೋವರೆಗೆ ನಮ್ಮನೇಲಿ ಫ್ರಿಜ್ಜೇ.